ಮಗ ಐಟಿಐ ಸೇರ್ತೀನಿ ಅಂತಾನೆ, ಕಳಿಸಲೇ?

ಪ್ರಶ್ನೆ: ನಾವು ತಿಪಟೂರು ತಾಲ್ಲೂಕಿನವರು. ಎರಡೆಕರೆ ತೆಂಗಿನ ತೋಟ, ಒಂದು ಬೋರ್‌ವೆಲ್ ಇದೆ. ಮಗ ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಶೇ 64 ತೆಗೆದಿದ್ದಾನೆ. ಪಿಯುಸಿ ಬೇಡ, ಐಟಿಐನಲ್ಲಿ ಫಿಟ್ಟರೋ ಎಲೆಕ್ಟ್ರಿಷಿಯನ್ನೋ ಮಾಡ್ತೀನಿ ಅಂತ ಹಠ ಹಿಡಿದಿದ್ದಾನೆ. ಬ್ಯಾಂಕಿನಲ್ಲಿರುವ ನನ್ನ ಅಣ್ಣ, "ಐಟಿಐ ಮಾಡಿದವನಿಗೆ ನಾಳೆ ಹೆಣ್ಣು ಕೊಡೋರು ಯಾರು? ಕಾಮರ್ಸಾದರೂ ಓದಲಿ" ಅಂತಾರೆ. ನಮ್ಮ ಯಜಮಾನರು ಬಾಯೇ ಬಿಡುತ್ತಿಲ್ಲ. ಇನ್ನು ಹತ್ತು ವರ್ಷಕ್ಕೆ ಎಲ್ಲಾ ಕೆಲಸ ಮೆಷಿನ್ನೇ ಮಾಡುತ್ತೆ ಅಂತಲೂ ಜನ ಹೇಳುತ್ತಾರೆ. ಆಗ ಇವನ ಗತಿ ಏನು? ದಯವಿಟ್ಟು ದಾರಿ ತೋರಿಸಿ.

ಉತ್ತರ:

ಅಮ್ಮಾ, ಕಳಿಸಿ. ಆದರೆ ಯಾವ ಟ್ರೇಡ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಮುಂದಿನ ಮೂರು ವರ್ಷ ನಿಮ್ಮ ಹುಡುಗನ ಪಕ್ಕದಲ್ಲಿ ನಿಂತು ಅವನ ಕೈ ತಿದ್ದುವವರು ಯಾರು ಎಂದು ನೋಡಿ. ನಾನು ಫಿಟ್ಟರ್ ವಿಭಾಗದಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಸೇರಿ ಸರ್ಕಾರಿ ಐಟಿಐಗಳಲ್ಲೇ ತಲೆ ನರೆಸಿಕೊಂಡವನು. ಒಂದೇ ಟ್ರೇಡ್, ಒಂದೇ ಸಿಲೆಬಸ್, ಒಂದೇ ಸರ್ಟಿಫಿಕೇಟ್ ಇದ್ದೂ ಒಬ್ಬ ಹುಡುಗ ಅಚ್ಚು, ಉಪಕರಣ ತಯಾರಿಸುವ ಟೂಲ್ ರೂಮಿಗೆ ಹೋಗುತ್ತಾನೆ, ಇನ್ನೊಬ್ಬ ಗೋಡೌನಿನಲ್ಲಿ ಬಾಕ್ಸ್ ಎತ್ತುತ್ತಾನೆ. ಹೆಚ್ಚಿನ ಸಲ ಈ ವ್ಯತ್ಯಾಸಕ್ಕೆ ಹುಡುಗನ ಬುದ್ಧಿ ಕಾರಣವಲ್ಲ, ಮೊದಲ ವರ್ಷ ಅವನನ್ನು ಯಾರು ನೋಡಿಕೊಂಡರು ಅನ್ನುವುದು ಕಾರಣ.

ಹೇಗೆ ಅಂತೀರಾ? ಫಿಟ್ಟರಿಗೆ ಬಂದ ಹುಡುಗರಿಗೆ ಮೊದಲ ವಾರವೇ ನಿರಾಸೆ. ಲೇತ್ ತಿರುಗಿಸಬೇಕು, ಮೆಷಿನ್ ಓಡಿಸಬೇಕು ಎಂದು ಬಂದಿರುತ್ತಾರೆ. ನಾವು ಕೈಗೆ ಕೊಡುವುದು ಒಂದು ಫೈಲು, ಅಂದರೆ ಕಬ್ಬಿಣ ಉಜ್ಜುವ ಅರ, ಮತ್ತು ಒಂದು ಎಂಎಸ್ (ಮೆದು ಉಕ್ಕಿನ) ತುಂಡು. ಬೆಂಚಿನ ಮೇಲಿನ ಹಿಡಿಕೆ ಯಂತ್ರವಾದ ವೈಸ್‌ಗೆ ಕಚ್ಚಿಸಿ ಉಜ್ಜು ಅನ್ನುತ್ತೇವೆ. ವಾರಗಟ್ಟಲೆ ಅದೇ. ಹೊಸಬನ ಕೈಯಲ್ಲಿ ಫೈಲು ಮುಂದೆ ಹೋಗುವಾಗ ಮೂತಿ ಬಗ್ಗಿಸುತ್ತದೆ, ಹಿಂದೆ ಬರುವಾಗ ಹಿಡಿ ಬಗ್ಗುತ್ತದೆ. ಹೀಗಾಗಿ ಎರಡೂ ಅಂಚು ಸವೆದು ತುಂಡಿನ ನಡುವೆ ಹೊಟ್ಟೆ ಬರುತ್ತದೆ. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರೆ ನಡುವೆ ಕತ್ತಲು, ಎರಡೂ ತುದಿಯಲ್ಲಿ ಬೆಳಕು ಸೋರುತ್ತಿರುತ್ತದೆ. ಹುಡುಗ ಇನ್ನೂ ಜೋರಾಗಿ ಉಜ್ಜುತ್ತಾನೆ, ಹೊಟ್ಟೆ ಇನ್ನೂ ದೊಡ್ಡದಾಗುತ್ತದೆ.

ಇಲ್ಲಿ ಮೇಷ್ಟ್ರು ಬೇಕು. ವೈಸ್‌ನ ಬಾಯಿ ಹುಡುಗನ ಮೊಣಕೈ ಮಟ್ಟಕ್ಕೆ ಬರಬೇಕು. ಕುಳ್ಳಗಿದ್ದರೆ ಕಾಲಡಿಗೆ ಹಲಗೆ ಹಾಕಿಸಬೇಕು. ಎಡಗಾಲು ಮುಂದೆ ಇಡಿಸಬೇಕು. ತಳ್ಳಲು ಶುರು ಮಾಡುವಾಗ ಎಡಗೈ ಭಾರ ಹೆಚ್ಚು, ನಡುವೆ ಎರಡೂ ಕೈ ಸಮ, ಕೊನೆಗೆ ಬಲಗೈ ಭಾರ ಹೆಚ್ಚು, ಹಿಂದಕ್ಕೆ ಎಳೆಯುವಾಗ ಭಾರವೇ ಇಲ್ಲ. ಇದು ಪುಸ್ತಕದಲ್ಲೂ ಇದೆ. ಆದರೆ ಪುಸ್ತಕ ಓದಿದ್ದು ಮೊಣಕೈಗೆ ಇಳಿಯಬೇಕಾದರೆ ಒಬ್ಬರು ಹಿಂದೆ ನಿಂತು ಆ ಮೊಣಕೈ ಹಿಡಿದು ನಾಲ್ಕು ಸಲ ಜೊತೆಗೆ ತಳ್ಳಬೇಕು. ಸ್ಮೂತ್ ಫೈಲಿಗೆ ಚಾಕ್‌ಪೀಸ್ ಉಜ್ಜಿಕೋ, ಇಲ್ಲದಿದ್ದರೆ ಕಬ್ಬಿಣದ ಪುಡಿ ಹಲ್ಲಿಗೆ ಸಿಕ್ಕಿ ಗೀರು ಬೀಳುತ್ತದೆ ಎಂದು ಹೇಳುವವರೂ ಬೇಕು. ಇಷ್ಟಾದ ಮೇಲೆ ಒಂದು ದಿನ ಬೆಳಕು ಸೋರುವುದು ನಿಲ್ಲುತ್ತದೆ. ಮುಂದೆ ಒಂದು ತುಂಡಿನ ಹಲ್ಲು ಇನ್ನೊಂದರ ಸಂದಿಗೆ ಕೂರುವಂಥ ಜಾಬ್ ಕೊಡುತ್ತೇವೆ. ಅದರಲ್ಲಿ 0.04 ಮಿಲಿಮೀಟರ್ ಆಚೀಚೆ ಆಗಬಹುದು, ಅದಕ್ಕಿಂತ ಹೆಚ್ಚಲ್ಲ. ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅಷ್ಟನ್ನು ಕೈಯಲ್ಲೇ ತರಬಲ್ಲವನಿಗೆ ಮುಂದೆ ಯಾವ ಮೆಷಿನ್ ಕೊಟ್ಟರೂ ಅಳತೆ ಅಂದರೇನು ಅನ್ನುವುದು ಗೊತ್ತಿರುತ್ತದೆ.

ಒಂದು ಯೂನಿಟ್‌ನಲ್ಲಿ, ಅಂದರೆ ಒಂದು ತಂಡದಲ್ಲಿ, 20 ಹುಡುಗರು. ಅಷ್ಟು ಜನರ ಮೊಣಕೈ ಹಿಡಿಯುವುದು ಒಬ್ಬ ಮೇಷ್ಟ್ರಿಗೆ ಸಾಧ್ಯ. ಹುದ್ದೆ ಖಾಲಿ ಬಿದ್ದು, ಒಬ್ಬರೇ ಎರಡು ಯೂನಿಟ್ ನೋಡಿಕೊಂಡು, ಜೊತೆಗೆ ಅಡ್ಮಿಷನ್ ಕೆಲಸ, ಸ್ಕಾಲರ್‌ಶಿಪ್ ಅರ್ಜಿ, ಆನ್‌ಲೈನ್ ಹಾಜರಾತಿ ಎಲ್ಲ ಮಾಡುವ ಕಡೆ ಸಾಧ್ಯವಿಲ್ಲ. ಅಂಥ ಕಡೆ ಹುಡುಗರು ತಾವೇ ಉಜ್ಜಿಕೊಂಡು ಹೊಟ್ಟೆ ಬರಿಸಿಕೊಂಡು ಪಾಸಾಗಿ ಹೋಗುತ್ತಾರೆ.

ಆದ್ದರಿಂದ ಅರ್ಜಿ ಹಾಕುವ ಮೊದಲು ಮಗನನ್ನು ಕರೆದುಕೊಂಡು ಹತ್ತಿರದ ಎರಡು ಮೂರು ಐಟಿಐ ನೋಡಿ ಬನ್ನಿ. ಭಾನುವಾರ ಹೋಗಬೇಡಿ, ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಆಫೀಸಿನಲ್ಲಿ ಕೂತು ಬ್ರೋಷರ್ ಇಸ್ಕೊಂಡು ಬರಬೇಡಿ, ವರ್ಕ್‌ಶಾಪ್ ನೋಡಬೇಕು ಅನ್ನಿ. ತೋರಿಸಲ್ಲ ಅಂದರೆ ಅಲ್ಲಿಗೇ ಉತ್ತರ ಸಿಕ್ಕಿತು. ಒಳಗೆ ಹೋದ ಮೇಲೆ ನೆಲ ನೋಡಿ, ಕಬ್ಬಿಣದ ಪುಡಿ ಇರಬೇಕು. ತುಂಬ ಚೊಕ್ಕಟವಾಗಿರುವ ವರ್ಕ್‌ಶಾಪ್ ಕಂಡರೆ ನನಗೆ ಅನುಮಾನ. ಮೆಷಿನ್‌ಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಎತ್ತಿ ನೋಡಿ, ಕೆಳಗೆ ಧೂಳಿದೆಯೋ ಎಣ್ಣೆ ಇದೆಯೋ. ಫೈಲುಗಳ ಹಲ್ಲು ಬೆರಳಿಗೆ ಹತ್ತುತ್ತದೆಯೋ ನುಣ್ಣಗಾಗಿದೆಯೋ ಮುಟ್ಟಿ ನೋಡಿ. ಹುಡುಗರನ್ನು ಕೇಳಿ: ವಾರಕ್ಕೆ ಎಷ್ಟು ದಿನ ಪ್ರಾಕ್ಟಿಕಲ್? ರಾ ಮೆಟೀರಿಯಲ್ ಐಟಿಐ ಕೊಡುತ್ತದೋ ನೀವೇ ತರುತ್ತೀರೋ? ಈ ತಿಂಗಳು ಮಾಡಿದ ಜಾಬ್ ತೋರಿಸಿ? ಹುಡುಗರು ಸುಳ್ಳು ಹೇಳುವುದಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ.

ಖಾಸಗಿ ಐಟಿಐಗಳಲ್ಲಿ ಅಚ್ಚುಕಟ್ಟಾಗಿ ನಡೆಸುವವರು ಖಂಡಿತ ಇದ್ದಾರೆ. "ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಅನ್ನುವವರೂ ಇದ್ದಾರೆ. ಅಂಥ ಕಡೆ ದುಡ್ಡು ಕಟ್ಟಿ ತೆಗೆದುಕೊಂಡ ಸರ್ಟಿಫಿಕೇಟ್ ಇಂಟರ್‌ವ್ಯೂನಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ವರ್ನಿಯರ್ ಕೊಟ್ಟು ಒಂದು ಅಳತೆ ಓದು ಅಂದರೆ ಬಣ್ಣ ಬಯಲು.

ಟ್ರೇಡ್ ವಿಷಯ ಹೆಚ್ಚು ಎಳೆಯುವುದಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡೂ ಎರಡು ವರ್ಷದವು, ಎರಡೂ ಒಳ್ಳೆಯವು. ಕಾರ್ಖಾನೆ ಕಡೆ ಮನಸ್ಸಿದ್ದರೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್. ಊರಲ್ಲೇ ಸ್ವಂತ ಕೆಲಸ ಮಾಡುವ ಆಸೆ ಇದ್ದರೆ ಎಲೆಕ್ಟ್ರಿಷಿಯನ್. ಮುಂದೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಮಾಡಿಸಿಕೊಂಡರೆ ವೈರಿಂಗ್ ಕೆಲಸ ಕಾನೂನುಬದ್ಧವಾಗಿ ಹಿಡಿಯಬಹುದು. ವೆಲ್ಡರ್ ಒಂದೇ ವರ್ಷ. ಚೆನ್ನಾಗಿ ಕಲಿತವನಿಗೆ ಕೆಲಸಕ್ಕೆ ಬರವಿಲ್ಲ, ಆದರೆ ಕಣ್ಣು ಮತ್ತು ಶ್ವಾಸಕೋಶ ಕಾಪಾಡಿಕೊಳ್ಳುವ ಶಿಸ್ತು ಬೇಕು. ಹುಡುಗನಿಗೆ ಇಷ್ಟವಿಲ್ಲದ ಟ್ರೇಡ್‌ಗೆ "ಡಿಮ್ಯಾಂಡ್ ಇದೆ" ಅಂತ ತಳ್ಳಬೇಡಿ.

ಅಪ್ರೆಂಟಿಸ್‌ಶಿಪ್, ಅಂದರೆ ಕಾರ್ಖಾನೆಯಲ್ಲೇ ಭತ್ಯೆ ಪಡೆಯುತ್ತಾ ಕೆಲಸ ಕಲಿಯುವುದರ ಬಗ್ಗೆ ಮಾತ್ರ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಪೋಷಕರು ಕೇಳದೆ ಬಿಡುವುದು ಇದನ್ನೇ. ಐಟಿಐ ಮುಗಿಯಿತು, ಕೆಲಸ ಸಿಕ್ಕಿತು ಎಂದು ಹುಡುಗರು ನೇರ ಕಂಟ್ರ್ಯಾಕ್ಟರ್ ಕೈಗೆ ಬೀಳುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಇಂತಿಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು: ಒಟ್ಟು ಕೆಲಸಗಾರರ ಶೇ 2.5ರಿಂದ ಶೇ 15ರವರೆಗೆ. ಐಟಿಐ ಪಾಸಾದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ ಎಂದು 2019ರ ತಿದ್ದುಪಡಿಯಲ್ಲಿ ನಿಗದಿ ಮಾಡಿದರು. ದೊಡ್ಡ ಕಾರ್ಖಾನೆಗಳು ಅದಕ್ಕಿಂತ ಹೆಚ್ಚು ಕೊಡುವುದುಂಟು. ಅದೇ ಹೊತ್ತಿಗೆ ಕಂಟ್ರ್ಯಾಕ್ಟರ್ ಇದಕ್ಕಿಂತ ಜಾಸ್ತಿ ಆಸೆ ತೋರಿಸುತ್ತಾನೆ. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ನಾಲ್ಕು ಜನ ಸೇರಿ ರೂಮ್ ಮಾಡಿ, ಮೆಸ್‌ನಲ್ಲಿ ಉಂಡು ಕಳೆದರೆ ಎರಡರಲ್ಲೂ ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ, ಅದು ಬೇರೆ ಮಾತು. ಆದರೆ ಕಂಟ್ರ್ಯಾಕ್ಟರ್ ಹತ್ತಿರ ಹೋದ ಹುಡುಗ ಮೊದಲ ದಿನದಿಂದ ಒಂದೇ ಮೆಷಿನ್ ಮುಂದೆ ನಿಂತು ಪೀಸ್ ಹಾಕಿ ಪೀಸ್ ತೆಗೆಯುತ್ತಾನೆ. ವರ್ಷವಾದ ಮೇಲೂ ಅದನ್ನೇ ಮಾಡುತ್ತಿರುತ್ತಾನೆ. ಅಪ್ರೆಂಟಿಸ್ ಆದವನನ್ನು ಡಿಪಾರ್ಟ್‌ಮೆಂಟಿಂದ ಡಿಪಾರ್ಟ್‌ಮೆಂಟಿಗೆ ಕಳಿಸಿ ಕಲಿಸಬೇಕು, ಕೊನೆಗೆ ಪರೀಕ್ಷೆ ಬರೆಸಬೇಕು. ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಬರುತ್ತದೆ. ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ವರ್ಕ್‌ಶಾಪ್‌ಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1 (ಅತಿ ಕೆಳಹಂತದ) ಹುದ್ದೆಗಳಲ್ಲಿ ಶೇ 20 ಮೀಸಲೂ ಇದೆ. ಕಾಯ್ದೆ ಹೇಳಿದಂತೆಯೇ ಎಲ್ಲ ಕಡೆ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಅಪ್ರೆಂಟಿಸ್ ಹೆಸರಿನಲ್ಲಿ ಅಗ್ಗದ ಕೂಲಿ ಮಾಡಿಸಿಕೊಳ್ಳುವ ಕಡೆಯೂ ಇದೆ. ಹಾಗಾಗಿ ಅಲ್ಲಿಗೆ ಮೊದಲು ಹೋಗಿ ಬಂದ ಸೀನಿಯರ್‌ಗಳನ್ನು ವಿಚಾರಿಸಿ ಸೇರಿಸಬೇಕು. ಅಂತೂ ಎರಡು ವರ್ಷ ಐಟಿಐ, ಒಂದು ವರ್ಷ ಅಪ್ರೆಂಟಿಸ್. ನಾನು ಮೂರು ವರ್ಷ ಅಂದದ್ದು ಅದಕ್ಕೇ.

ಈಗ ನಿಮ್ಮ ಅಣ್ಣನವರ ಮಾತು. ಹೆಣ್ಣು ಕೊಡುವವರು ಯಾರು ಎಂದು ಕೇಳಿದ್ದಾರೆ, ಅದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. 2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದನ್ನು ನೀವೂ ಕೇಳಿರುತ್ತೀರಿ. ಹೊಲ ಇದ್ದವರಿಗೂ ಅದೇ ಪಾಡು. ಹೆಣ್ಣಿನ ಕಡೆಯವರು ಇವತ್ತು ನೋಡುವುದು ತಿಂಗಳ ಸಂಬಳ, ಪಟ್ಟಣದಲ್ಲಿ ಮನೆ. ಬಿ.ಕಾಂ. ಮುಗಿಸಿ ಕೆಲಸವಿಲ್ಲದೆ ಊರ ಅರಳಿಕಟ್ಟೆ ಮೇಲೆ ಕೂತವನಿಗೂ ಅವರು ಹೂಂ ಅನ್ನುವುದಿಲ್ಲ. ಹೀಗಿರುವಾಗ ಐಟಿಐ ಒಂದರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಆದರೆ ಅಣ್ಣನವರ ಮಾತಿನ ಹಿಂದೆ ಇನ್ನೂ ಒಂದು ಹಳೆಯ ವಿಷಯ ಇದೆ. ಕೈಕೆಲಸ ಅಂದರೆ ನಮ್ಮಲ್ಲಿ ಜಾತಿ ಎಂದೇ ಅರ್ಥವಾಗಿತ್ತು. ಹಿಂದಿನ ಊರುಗಳಲ್ಲಿ ಹನ್ನೆರಡು ಆಯಗಾರರು ಇದ್ದರಲ್ಲ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನೀರುಗಂಟಿ, ತಳವಾರ ಹೀಗೆ, ಅವರಿಗೆ ಕೆಲಸಕ್ಕೆ ಇಷ್ಟು ಎಂದು ಅವತ್ತವತ್ತೇ ಎಣಿಸಿ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಪ್ರತಿ ಮನೆಯವರೂ ಆಯ ಅಳೆದು ಕೊಡುತ್ತಿದ್ದರು. ಆ ವರ್ಷ ನಿಮ್ಮ ನೇಗಿಲ ಗುಳ ಮುರಿಯಿತೋ ಇಲ್ಲವೋ, ಕಮ್ಮಾರನ ಪಾಲು ಕಮ್ಮಾರನಿಗೆ. ಯೋಚಿಸಿ ನೋಡಿ, ಇದರಲ್ಲಿ ಒಂದು ಲೆಕ್ಕಾಚಾರ ಇತ್ತು. ಮುಂಗಾರು ಬಿದ್ದ ಮಾರನೆಯ ದಿನ ಗುಳ ಹಣಿದು ಕೊಡುವವನು ಊರಲ್ಲೇ ಇರಬೇಕು, ಅವನ ನಂತರ ಅವನ ಮಗನಿಗೆ ಕೆಲಸ ಬರಬೇಕು. ಅದಕ್ಕಾಗಿ ಊರೇ ಕೂಡಿ ಅವನ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಮಗ ಕುಲುಮೆಯ ತಿದಿಯ ಹತ್ತಿರ ಕೂತು ಸುಮ್ಮನೆ ನೋಡುತ್ತಾ ಕಲಿತ ವರ್ಷಗಳ ಖರ್ಚು ಕೂಡ ಆ ಆಯದಲ್ಲೇ ಸೇರಿತ್ತು. ಇದರ ಇನ್ನೊಂದು ಮುಖ ಕ್ರೂರ. ಕಮ್ಮಾರನ ಮಗ ಬೇರೇನೂ ಆಗುವಂತಿರಲಿಲ್ಲ, ಬೇರೆಯವರ ಮಗ ಕಮ್ಮಾರನಾಗುವಂತಿರಲಿಲ್ಲ. ಆಯದ ಅಳತೆಯಲ್ಲೂ ಮೇಲು ಕೀಳು. ಆ ಏರ್ಪಾಡು ಹೋಗಿದ್ದಕ್ಕೆ ನಾನು ಕಣ್ಣೀರಿಡುವವನಲ್ಲ. ಆದರೆ ಕಲಿಯುವ ಹುಡುಗನ ಖರ್ಚನ್ನು ಯಾರೋ ಒಬ್ಬರು ಹೊರಬೇಕು ಅನ್ನುವ ತಿಳಿವಳಿಕೆಯೂ ಅದರ ಜೊತೆಗೇ ಹೋಯಿತು.

ಆಮೇಲೆ ಆ ಖರ್ಚನ್ನು ಕಾರ್ಖಾನೆಗಳು ಹೊತ್ತವು. ಬೆಂಗಳೂರಿನಲ್ಲಿ 1943ರಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಗುವುದಕ್ಕೆ ವಿಶ್ವೇಶ್ವರಯ್ಯನವರ ಒತ್ತಾಸೆ ಇತ್ತು. ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. 1940ರಲ್ಲಿ ವಿಮಾನ ಕಾರ್ಖಾನೆ ಎಚ್‌ಎಎಲ್, 1948ರಲ್ಲಿ ಐಟಿಐ (ಇದು ಟೆಲಿಫೋನ್ ಕಾರ್ಖಾನೆ, ನಿಮ್ಮ ಮಗ ಹೇಳುವ ಐಟಿಐ ಬೇರೆ), 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಬಂದವು. ಇವು ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡು ಸಂಬಳ ಕೊಟ್ಟು ಕಲಿಸಿದವು. ಯಾವ ಜಾತಿಯವನೇ ಆಗಲಿ ಲೇತ್ ಮುಂದೆ ಒಂದೇ. ಹಾಗೆ ಕಲಿತವರಲ್ಲಿ ಎಷ್ಟೋ ಜನ ಮುಂದೆ ಪೀಣ್ಯ, ರಾಜಾಜಿನಗರಗಳಲ್ಲಿ ಶೆಡ್ ಹಾಕಿಕೊಂಡು ಸ್ವಂತ ಲೇತ್ ಇಟ್ಟರು. ತಮ್ಮ ಬಳಿ ಬಂದ ಹುಡುಗರಿಗೆ ಕಲಿಸಿದರು. ಬೆಂಗಳೂರಿನ ಸಣ್ಣ ಕೈಗಾರಿಕೆಯ ಬೇರು ಅಲ್ಲಿದೆ. ಸಾಫ್ಟ್‌ವೇರಿನವರು ಬರುವುದಕ್ಕೆ ಎಷ್ಟೋ ಮೊದಲಿನ ಮಾತು. ತೊಂಬತ್ತರ ದಶಕದ ನಂತರ ಆ ದೊಡ್ಡ ಮನೆಗಳಲ್ಲಿ ನೇಮಕಾತಿ ಬತ್ತಿತು. ಎಚ್‌ಎಂಟಿ ವಾಚಿನ ಕಂಪನಿಯನ್ನು 2016ರಲ್ಲಿ ಮುಚ್ಚಲು ತೀರ್ಮಾನವಾಯಿತು. ನಿಮ್ಮ ತುಮಕೂರಿನ ವಾಚ್ ಫ್ಯಾಕ್ಟರಿ ಜಾಗ ಈಗ ಇಸ್ರೋದ್ದು. ಜಾಗಕ್ಕೆ ಹೊಸ ಯಜಮಾನರು ಬಂದರು. ಅಲ್ಲಿದ್ದ ಹಳಬರು ಮಾತ್ರ ತಮ್ಮ ಕೈಚಳಕವನ್ನು ಮುಂದಿನವರಿಗೆ ದಾಟಿಸದೆ ಮನೆಗೆ ಹೋದರು.

ಇವತ್ತು ಆ ಖರ್ಚು ಹೊರುವವರು ಯಾರು? ಇದರ ಉತ್ತರ ತಿಳಿಯಬೇಕಾದರೆ ಬೇಸಿಗೆಯಲ್ಲಿ ನಿಮ್ಮದೇ ಊರಿನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ ನಿಲ್ಲಿ. ಏಪ್ರಿಲ್‌ನಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟಿತು ಅಂದರೆ ನಿಮಗೆ ಗೊತ್ತಲ್ಲ, ಪೈಪ್ ಎತ್ತಿಸಿ, ಮೋಟಾರ್ ಬಿಚ್ಚಿ, ಟೆಂಪೋದಲ್ಲಿ ಹಾಕಿಕೊಂಡು ಓಡುವುದು. ಅಂಗಡಿಯವರು ಹಳೆಯ ವೈರ್ ಕತ್ತರಿಸಿ ತೆಗೆದು, ಒಂದೊಂದು ಸಂದಿಯಲ್ಲಿ ಎಷ್ಟು ಸುತ್ತು ಇತ್ತು ಎಂದು ಎಣಿಸಿ, ವೈರಿನ ದಪ್ಪ ಅಳೆದು, ಪ್ಲಾಸ್ಟಿಕ್ ಹೊದಿಕೆಯ ಹೊಸ ತಾಮ್ರದ ವೈರನ್ನು ಒಂದೊಂದೇ ಎಳೆಯಾಗಿ ಕೈಯಲ್ಲೇ ಪೋಣಿಸುತ್ತಾರೆ. ಒಳ್ಳೆಯ ರಿವೈಂಡರ್ ಆದರೆ ಮೋಟಾರ್ ಬಿಚ್ಚಿದ ಕೂಡಲೇ ಕಾರಣವನ್ನೂ ಹೇಳುತ್ತಾನೆ. ಎಲ್ಲ ಸುತ್ತುಗಳೂ ಒಂದೇ ಸಮ ಕಪ್ಪಾಗಿದ್ದರೆ ವೋಲ್ಟೇಜ್ ಕಡಿಮೆ ಇತ್ತು ಇಲ್ಲವೇ ಓವರ್‌ಲೋಡ್. ಕೆಲವು ಸುಟ್ಟು ಕೆಲವು ಹೊಸದರಂತೆ ಇದ್ದರೆ ಓಡುತ್ತಿರುವಾಗ ಒಂದು ಫೇಸ್ ಹೋಗಿದೆ, ಸ್ಟಾರ್ಟರ್‌ನ ರಕ್ಷಣೆ ಕೆಲಸ ಮಾಡಿಲ್ಲ. "ಸ್ಟಾರ್ಟರ್ ಸರಿ ಮಾಡಿಸಿ ಬಿಡಿ ಯಜಮಾನ್ರೇ, ಇಲ್ದಿದ್ರೆ ಮುಂದಿನ ತಿಂಗಳು ಮತ್ತೆ ಬರ್ತೀರಿ" ಅಂತಾನೆ. ಆ ಒಂದು ಮಾತು ನಿಮಗೆ ಇನ್ನೊಂದು ಮೋಟಾರಿನ ಖರ್ಚು ಉಳಿಸುತ್ತದೆ.

ಆ ಅಂಗಡಿಯಲ್ಲಿ ಕೂತವರ ವಯಸ್ಸು ನೋಡಿ. ನಾನು ತಾಲ್ಲೂಕು ಕೇಂದ್ರಗಳಲ್ಲಿ ಕಂಡಂತೆ ಬಹಳ ಕಡೆ ಐವತ್ತು ದಾಟಿದವರು. ಪಕ್ಕದಲ್ಲಿ ಹುಡುಗನಿಲ್ಲ. ಕೇಳಿದರೆ "ಹುಡುಗ್ರು ನಿಲ್ಲಲ್ಲ ಸಾರ್" ಅಂತಾರೆ. ಹುಡುಗರ ಕಡೆಯಿಂದ ಕೇಳಿದರೆ "ಏನೂ ಕೊಡಲ್ಲ ಸಾರ್" ಅಂತಾರೆ. ಇಬ್ಬರದ್ದೂ ನಿಜ. ಕಲಿಯುವ ಹುಡುಗ ಮೊದಲ ವರ್ಷ ಹಾಳು ಮಾಡುವ ವೈರಿನ ದುಡ್ಡು, ಅವನಿಗೆ ಹೇಳಿಕೊಡಲು ಹೋಗುವ ಹೊತ್ತು, ಅವನ ಕೈಖರ್ಚು ಇವೆಲ್ಲವನ್ನೂ ಒಬ್ಬ ಅಂಗಡಿಯವ ಭರಿಸಲಾರ. ಗಿರಾಕಿಯಾದ ನಾವೂ ಕೊಡಲು ತಯಾರಿಲ್ಲ, ನೂರು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಸರ್ಕಾರದ ಅಪ್ರೆಂಟಿಸ್ ಯೋಜನೆ ಇಂಥ ಸಣ್ಣ ಅಂಗಡಿಯವರೆಗೆ ಇಳಿದು ಬರುವುದೇ ಇಲ್ಲ. ಆ ಯಜಮಾನ ಅಂಗಡಿಗೆ ಬೀಗ ಹಾಕಿದ ವರ್ಷ ನೀವು ಮೋಟಾರನ್ನು ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕು, ಅಲ್ಲಿ ಸರದಿ ಕಾಯಬೇಕು, ಅಷ್ಟರಲ್ಲಿ ಎಳೆಯ ತೆಂಗಿನ ಸಸಿಗಳ ಗತಿ ನೀವೇ ಬಲ್ಲಿರಿ. ನನ್ನನ್ನು ಕೇಳಿದರೆ ನಮ್ಮ ಊರುಗಳು ನಿಂತಿರುವುದು ಇಂಥ ಕೆಲವೇ ಜನರ ಮೇಲೆ, ಮತ್ತು ಅವರ ಲೆಕ್ಕ ಯಾವ ಇಲಾಖೆಯ ಬಳಿಯೂ ಇಲ್ಲ. ಮಲೆನಾಡು, ಕರಾವಳಿಯವರಿಗೆ ಈ ಪಾಠ ಮೊದಲೇ ಆಗಿದೆ. ಅಡಿಕೆ ಕೊನೆ ತೆಗೆಯುವ ಕೊನೆಗೌಡರು ಸಿಗದಾದಾಗ ಅವರು ಮರ ಏರುವ ತರಬೇತಿ ಶಿಬಿರ ನಡೆಸಿದರು, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ತರಿಸಿದರು. ದೋಟಿ ಹಿಡಿಯುವುದಕ್ಕೂ ಕಲಿತ ಕೈಯೇ ಬೇಕು ಅನ್ನುವುದು ಆಮೇಲೆ ಗೊತ್ತಾಯಿತು.

ಕಲಿಕೆಯ ಖರ್ಚು ಯಾರು ಹೊರಬೇಕು ಅನ್ನುವುದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡ ಕೆಲವರೂ ನಮ್ಮಲ್ಲಿದ್ದಾರೆ, ನಿಮ್ಮ ಮಗನಿಗೆ ಅದೂ ಒಂದು ದಾರಿ. 1959ರಲ್ಲಿ ಸ್ವಿಸ್ ನೆರವಿನಿಂದ ತಲಶ್ಶೇರಿಯಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿಗೆ ನೆಲೆ ಬದಲಿಸಿದ ಎನ್‌ಟಿಟಿಎಫ್ ಎಂಬ ತಾಂತ್ರಿಕ ತರಬೇತಿ ಸಂಸ್ಥೆ ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ. ಜಿಟಿಟಿಸಿಯಲ್ಲಿ ಅಚ್ಚು, ಡೈ ಮಾಡಿಕೊಡುವ ನಿಜವಾದ ಆರ್ಡರ್‌ಗಳು ಬರುತ್ತವೆ. ಹುಡುಗರು ಕಲಿಯುವ ಶೆಡ್ಡಿನಲ್ಲೇ ಗಿರಾಕಿಯ ಕೆಲಸ ನಡೆಯುತ್ತದೆ, ಆ ಕೆಲಸದ ದುಡ್ಡು ಮೆಷಿನ್‌ಗಳಿಗೆ ಆಗುತ್ತದೆ. ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ: ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಶುಲ್ಕ ಸರ್ಕಾರಿ ಐಟಿಐಗಿಂತ ಜಾಸ್ತಿ, ಸೀಟು ಸಿಗುವುದು ಕಷ್ಟ, ಓದೂ ಕಠಿಣ. ಗಣಿತದಲ್ಲಿ ಅವನಿಗೆ ಒಳ್ಳೆಯ ಅಂಕ ಬಂದಿದ್ದರೆ ಮೊದಲು ಅಲ್ಲಿ ಪ್ರಯತ್ನಿಸಿ, ಆಗದಿದ್ದರೆ ಐಟಿಐ.

"ಎಲ್ಲಾ ಮೆಷಿನ್ನೇ ಮಾಡುತ್ತೆ" ಅನ್ನುವ ಭಯಕ್ಕೆ ಬರೋಣ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಬಂದಾಗಲೂ ಇದೇ ಮಾತು ಕೇಳಿದ್ದೆ. ನಡೆದದ್ದು ಏನೆಂದರೆ ಕೆಲಸ ಎರಡು ಹೋಳಾಯಿತು. ಪೀಸ್ ಇಟ್ಟು ಬಟನ್ ಒತ್ತುವ ಆಪರೇಟರ್ ಒಬ್ಬ. ಡ್ರಾಯಿಂಗ್ ನೋಡಿ ಟೂಲ್ ಕೂರಿಸಿ, ಮೆಷಿನ್‌ಗೆ ಅಳತೆಯ ತಿದ್ದುಪಡಿ (ಆಫ್‌ಸೆಟ್) ಹಾಕಿ, ಮೊದಲ ಪೀಸ್ ಅಳೆದು, ಎಲ್ಲಿ 0.02 ಮಿಲಿಮೀಟರ್ ಹೆಚ್ಚಾಗಿದೆ, ಕತ್ತರಿಸುವ ತುದಿ (ಇನ್ಸರ್ಟ್) ಸವೆದಿದೆಯೋ ಜಾಬ್ ಸಡಿಲವಾಗಿದೆಯೋ ಎಂದು ಕಂಡುಹಿಡಿಯುವ ಸೆಟ್ಟರ್ ಇನ್ನೊಬ್ಬ. ಬಟನ್ ಒತ್ತುವವನ ಜಾಗಕ್ಕೆ ರೋಬಾಟ್ ಕೈ ಆಗಲೇ ಬಂದಿದೆ, ಇನ್ನೂ ಬರುತ್ತದೆ. ಆ ಭಯ ನಿಜ. ಸೆಟ್ಟರ್ ಮತ್ತು ಮೇಂಟೆನೆನ್ಸ್‌ನವರ ಕೆಲಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಯಾಕೆಂದರೆ ಆ ರೋಬಾಟ್ ನಿಂತುಹೋದಾಗ ಕರೆಯುವುದು ಅವರನ್ನೇ. ಮತ್ತೆ, ನಿಮ್ಮ ಅಣ್ಣನವರು ಹೇಳುವ ಕಾಮರ್ಸ್ ಲೆಕ್ಕಪತ್ರದ ಕೆಲಸಗಳು ಕಂಪ್ಯೂಟರಿಗೆ ಹೋದಷ್ಟು ಬೇಗ ಪ್ಲಂಬಿಂಗ್, ವೈರಿಂಗ್ ಹೋಗುವುದಿಲ್ಲ ಎಂದು ನನ್ನ ಅಂದಾಜು. ಬ್ಯಾಂಕಿನಲ್ಲಿರುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಗನಿಗೆ ಇಷ್ಟು ಹೇಳಿ: ಬಟನ್ ಒತ್ತುವ ಕೆಲಸಕ್ಕೆ ಸೇರಿದರೂ ಸಂಜೆ ಸೆಟ್ಟರ್ ಹಿಂದೆ ಸುತ್ತು, ಡ್ರಾಯಿಂಗ್ ಓದುವುದು ಬಿಡಬೇಡ. ಹಾಗೆಯೇ ತಿರುಗುವ ಮೆಷಿನ್ ಹತ್ತಿರ ಗ್ಲೌಸ್, ಉಂಗುರ, ಕೈಗೆ ಕಟ್ಟಿದ ದಾರ ಬೇಡ. ದೇವರ ದಾರವೇ ಆದರೂ ಶಿಫ್ಟ್ ಮುಗಿಯುವವರೆಗೆ ಜೇಬಿನಲ್ಲಿರಲಿ.

ಐಟಿಐಗೆ ಹೋದರೆ ಓದು ನಿಂತೇ ಹೋಯಿತು ಅನ್ನುವುದೂ ಸರಿಯಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಆದರೆ ಅಣ್ಣನವರನ್ನು ಒಪ್ಪಿಸುವುದಕ್ಕಾಗಿ ಹುಡುಗನನ್ನು ಈ ಏಣಿ ಹತ್ತಿಸಬೇಡಿ. ನನ್ನ ಶಿಷ್ಯರಲ್ಲಿ ಕೆಲವರು ಹಾಗೆ ಹೋಗಿ ಗಣಿತದಲ್ಲಿ ಸಿಕ್ಕಿಕೊಂಡು ಮೂರು ವರ್ಷ ಕಳೆದುಕೊಂಡರು. ಕೆಲವರು ಹೋಗಿ ಚೆನ್ನಾಗಿ ಬಂದರು, ಕೈಕೆಲಸ ಬಲ್ಲ ಎಂಜಿನಿಯರ್ ಅಂತ ಅವರಿಗೆ ಕಾರ್ಖಾನೆಯಲ್ಲಿ ಮರ್ಯಾದೆಯೇ ಬೇರೆ. ಎರಡು ವರ್ಷ ಆದ ಮೇಲೆ ಅವನೇ ತೀರ್ಮಾನಿಸಲಿ.

ನೀವು ಕೇಳದಿದ್ದರೂ ಒಂದು ಮಾತು. ಮನೆಯಲ್ಲಿ ಮಗಳಿದ್ದರೆ ಅವಳಿಗೂ ಇದೇ ಬಾಗಿಲು ತೆರೆದಿದೆ. ಮಹಿಳಾ ಐಟಿಐಗಳೇ ಇವೆ, ಸಾಮಾನ್ಯ ಐಟಿಐಗಳಲ್ಲೂ ಹೆಣ್ಣುಮಕ್ಕಳಿಗೆ ಸೀಟಿದೆ. ನನ್ನ ಬೆಂಚುಗಳಲ್ಲಿ ಕಂಡ ಅತ್ಯಂತ ನಿಖರವಾದ ಫಿಟ್ಟಿಂಗ್ ಜಾಬ್‌ಗಳಲ್ಲಿ ಕೆಲವು ಹೆಣ್ಣುಮಕ್ಕಳ ಕೈಯವು.

ಯಜಮಾನರು ಬಾಯಿ ಬಿಡುತ್ತಿಲ್ಲ ಅಂದಿರಿ. ಐಟಿಐ ನೋಡಲು ಹೋಗುವ ದಿನ ಅವರನ್ನೂ ಎಬ್ಬಿಸಿಕೊಂಡು ಹೋಗಿ. ತೋಟದ ಪಂಪು, ಸ್ಟಾರ್ಟರು, ಪೈಪಿನ ಜೊತೆ ಬಾಳಿದ ಮನುಷ್ಯ ವರ್ಕ್‌ಶಾಪ್ ಒಳಗೆ ಕಾಲಿಟ್ಟರೆ ತಾನಾಗಿಯೇ ಮಾತು ಶುರು ಮಾಡುತ್ತಾರೆ.

ಅರ್ಜಿ ಆನ್‌ಲೈನ್, ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯದು. ಸೀಟು ಎಸ್ಸೆಸ್ಸೆಲ್ಸಿ ಅಂಕ ಮತ್ತು ಮೀಸಲಾತಿ ಮೇಲೆ ಸುತ್ತು ಸುತ್ತಾಗಿ ಹಂಚಿಕೆಯಾಗುತ್ತದೆ. ಜಾತಿ ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿ, ಕೊನೆಯ ದಿನ ನಾಡಕಚೇರಿ ಸರ್ವರ್ ಕೈಕೊಡುವುದು ವಾಡಿಕೆ. ಯಾವ ಐಟಿಐ, ಯಾವ ಟ್ರೇಡ್ ಮೊದಲು, ಯಾವುದು ಆಮೇಲೆ ಎಂಬ ಆದ್ಯತೆಯ ಪಟ್ಟಿಯನ್ನು ಸೈಬರ್ ಸೆಂಟರಿನ ಹುಡುಗನ ಕೈಗೆ ಬಿಡಬೇಡಿ. ನೀವು ಹೋಗಿ ನೋಡಿ ಬಂದ ಮೇಲೆ ಮನೆಯಲ್ಲೇ ಕೂತು ಕಾಗದದ ಮೇಲೆ ಬರೆದುಕೊಳ್ಳಿ. ಒಳ್ಳೆಯ ವರ್ಕ್‌ಶಾಪ್ ಇರುವ ಕಡೆ ಅವನ ಎರಡನೇ ಆಯ್ಕೆಯ ಟ್ರೇಡ್ ಸಿಗುವಂತಿದ್ದರೆ, ಧೂಳು ಹಿಡಿದ ವರ್ಕ್‌ಶಾಪ್‌ನ ಮೊದಲ ಆಯ್ಕೆಗಿಂತ ಅದನ್ನೇ ಮೇಲೆ ಹಾಕಿಸಿ.